ಎರಡು ಹೆಸರಿನ ಡಬ್ಬಿ

ನನ್ನ ಮಾತ್ರೆ ಡಬ್ಬಿಗೆ ಎರಡು ಹೆಸರಿದ್ದವು. ಮೇಲಿನದು ನನ್ನದು, ಅಡಿಯಲ್ಲಿದ್ದದ್ದು ಸತ್ತವಳದು. ಕ್ಷಯ ಬಂದವರಿಗೆ ಆ ಕಾಯಿಲೆಯ ಭಯವೊಂದೇ ಸಾಲದು ಎಂದು ದೇವರಿಗೆ ಅನ್ನಿಸಿತೋ ಏನೋ, ನನಗೆ ಅದರ ಜೊತೆ ಇದನ್ನೂ ಕೊಟ್ಟ. ಈಗ ಗುಣವಾಗಿ ವರ್ಷಗಳೇ ಆಗಿವೆ. ಹಗಲಿಡೀ ಮಾತಾಡಿದರೂ ಕೆಮ್ಮು ಬರುವುದಿಲ್ಲ. ಹಗಲಿಡೀ ಮಾತಾಡುವುದನ್ನು ನಾನು ಬಿಟ್ಟೂ ಇಲ್ಲ. ಆದರೆ ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಕೈಯಲ್ಲಿರುವ ಕೆಲಸ ಇವತ್ತಿಗೂ ನಿಂತುಹೋಗುತ್ತದೆ. ಈ ಕಾಯಿಲೆ ಬಂದು, ಡಬ್ಬಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರೇ ಕೂತಿರುವವರಿಗೆ ಇದನ್ನು ಹೇಳಬೇಕು ಅನ್ನಿಸಿತು.

ಮೆಟ್ರೋ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ಕಾಲ. ಪೀಣ್ಯದ ಒಳರಸ್ತೆಯೊಂದರ ವಠಾರದಲ್ಲಿ ನಾನು, ಗಂಡ ರಮೇಶ, ಅತ್ತೆ ತಿಮ್ಮಕ್ಕ ಮೂವರೂ ಒಂದು ರೂಮು, ಒಂದು ಅಡುಗೆಮನೆಯಲ್ಲಿ ಇದ್ದೆವು. ರಮೇಶ ಲೇತ್ ಕೆಲಸಕ್ಕೆ ಹೋಗುತ್ತಿದ್ದ. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್‌ನಲ್ಲಿದ್ದೆ. ಹೊಲಿದು ಬಂದ ಶರ್ಟುಗಳಲ್ಲಿ ತಪ್ಪು ಹುಡುಕುವ ಕೆಲಸ. "ಅಲ್ಲಿ ತಪ್ಪು ಹುಡುಕೋದಕ್ಕೆ ಸಂಬಳ ಕೊಡ್ತಾರೆ, ಇಲ್ಲಿ ಪುಕ್ಕಟೆ ಹುಡುಕ್ತೀಯ" ಎಂದು ರಮೇಶ ರೇಗಿಸುತ್ತಿದ್ದ. ಕೆಮ್ಮು ಶುರುವಾದಾಗ ಬಟ್ಟೆಯ ಧೂಳು ಅಂದುಕೊಂಡೆ. ಮೂಲೆ ಅಂಗಡಿಯ ಟಾನಿಕ್ ಕುಡಿದೆ. ಒಂದು ಮಧ್ಯಾಹ್ನ ಬಿಳಿ ಶರ್ಟಿನ ಕಾಲರ್ ನೋಡುತ್ತಿದ್ದಾಗ ಕೆಮ್ಮು ಒತ್ತರಿಸಿ ಬಂತು. ಕಣ್ಣು ಬಿಟ್ಟರೆ ಕಾಲರ್ ಮೇಲೆ ಒಂದು ಕೆಂಪು ಚುಕ್ಕೆ.

"ಸೂಜಿ ಚುಚ್ಕೊಂಡ್ಯೇನಮ್ಮಾ? ನೋಡ್ಕೊಂಡ್ ಮಾಡು" ಎಂದು ಸೂಪರ್‌ವೈಸರ್ ಆ ಶರ್ಟನ್ನು ರಿಜೆಕ್ಟ್ ಬುಟ್ಟಿಗೆ ಎಸೆದ. ಚೆಕಿಂಗ್ ಟೇಬಲ್‌ನಲ್ಲಿ ಸೂಜಿಯೇ ಇರುವುದಿಲ್ಲ. ಅದು ಅವನಿಗೆ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ಸಂಜೆಯವರೆಗೂ ಆ ಬುಟ್ಟಿಯ ಕಡೆಗೇ ನೋಡುತ್ತಿದ್ದೆ.

ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಕಾಯಿಲೆಯ ಮಾತ್ರೆ ನೋಡಿಕೊಳ್ಳುತ್ತಿದ್ದವರು ಗಿರಿಜಾ ಸಿಸ್ಟರ್. ದಪ್ಪ ಕನ್ನಡಕ, ಜೋರು ಬಾಯಿ, ಒಳ್ಳೆಯ ಹೆಂಗಸು. ಅವರ ಬೆನ್ನ ಹಿಂದೆ ಕಬ್ಬಿಣದ ರ‍್ಯಾಕು, ಅದರ ತುಂಬ ರಟ್ಟಿನ ಡಬ್ಬಿಗಳು, ಪ್ರತಿಯೊಂದರ ಮೇಲೂ ಒಂದು ಹೆಸರು. ಆಗ ಪದ್ಧತಿ ಹಾಗಿತ್ತು. ಒಬ್ಬ ರೋಗಿಗೆ ಒಂದು ಡಬ್ಬಿ. ಮೊದಲ ಮಾತ್ರೆಯಿಂದ ಕೊನೆಯ ಮಾತ್ರೆಯವರೆಗೆ ಎಲ್ಲ ಅದರಲ್ಲೇ. ಹೆಸರು ಬರೆದ ಮೇಲೆ ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಡುವೆ ಮಾತ್ರೆ ತಪ್ಪಿದರೆ ಕಾಯಿಲೆ ಹಟ ಹಿಡಿಯುತ್ತದೆ, ಆಮೇಲೆ ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ ಎಂದು ಸಿಸ್ಟರ್ ಮೊದಲ ದಿನವೇ ಹೆದರಿಸಿದರು.

ಹೆದರಿಸಿದ್ದೇನೋ ಸರಿ, ಕೊಡಲು ಡಬ್ಬಿಯೇ ಇರಲಿಲ್ಲ. "ಸ್ಟೋರ್‌ನಿಂದ ಸ್ಟಾಕ್ ಬಂದಿಲ್ಲ ಮಂಜುಳಾ, ಎರಡು ದಿನ ಬಿಟ್ಟು ಬಾ" ಅಂದರು. ಬಿಟ್ಟು ಹೋದೆ. ಮತ್ತೆ ಅದೇ ಮಾತು. ಮೂರನೆಯ ಸಲವೂ ಅದೇ. ಬೆಂಚಿನ ಮೇಲೆ ಕೂತು ಬೇರೆಯವರ ಡಬ್ಬಿಗಳನ್ನು ಓದುತ್ತಿದ್ದೆ. ಮುನಿರಾಜು, ಫಾತಿಮಾ, ಸೆಲ್ವಿ. ಹಸಿದವಳು ಪಂಕ್ತಿಯ ಆಚೆ ನಿಂತು ಬೇರೆಯವರ ಎಲೆ ನೋಡಿದ ಹಾಗೆ ನೋಡುತ್ತಿದ್ದೆ. ಇವರಲ್ಲಿ ಯಾರಾದರೂ ಒಬ್ಬರು ಬರದೇ ಇರಬಾರದೇ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ ಕೂಡಲೇ ಆ ಡಬ್ಬಿಗಳಿಂದ ಕಣ್ಣು ಕಿತ್ತು ನೆಲ ನೋಡಿದೆ.

ಅದರ ಮುಂದಿನ ಸಲ ಹೋದಾಗ ಸಿಸ್ಟರ್ ರ‍್ಯಾಕಿನ ಕೆಳಗಿನ ಸಾಲಿನಿಂದ ಒಂದು ಡಬ್ಬಿ ಎಳೆದರು. ಅದರ ಮೇಲೆ ನೀಲವ್ವ ಎಂದು ಬರೆದಿತ್ತು.

"ಕಟ್ಟಡದ ಕೆಲಸದವಳು, ಉತ್ತರ ಕರ್ನಾಟಕದ ಕಡೆಯವಳು. ಶುರು ಮಾಡಿ ಸ್ವಲ್ಪ ದಿನಕ್ಕೆ ಬರೋದು ನಿಲ್ಲಿಸಿಬಿಟ್ಳು. ಅವರ ಶೆಡ್ಡಿಗೇ ಹೋಗಿದ್ದೆ. ತೀರ್ಕೊಂಡ್ಳು ಅಂತ ಗಂಡ ಅತ್ತ. ಇನ್ನೂ ಸಣ್ಣ ವಯಸ್ಸು ಕಣಮ್ಮ." ಸಿಸ್ಟರ್ ನನ್ನ ಹೆಸರಿನ ಚೀಟಿಗೆ ಗೋಂದು ಹಚ್ಚಿ ಆ ಹೆಸರಿನ ಮೇಲೆ ಅಂಟಿಸಿದರು. "ಮೇಲಿನವರನ್ನ ಕೇಳೇ ಮಾಡ್ತಿರೋದು. ಕಡಿಮೆ ಬೀಳೋದನ್ನ ಸ್ಟಾಕ್ ಬಂದ ಮೇಲೆ ತುಂಬ್ತೀನಿ. ಮಾತ್ರೆಗೆ ಯಾರ ಹೆಸರೂ ಇರಲ್ಲ. ನುಂಗು."

ನುಂಗಿದೆ. ಒಂದು ಹಿಡಿ ಮಾತ್ರೆ, ಅದರಲ್ಲಿ ಒಂದು ಕೆಂಪಗಿತ್ತು. ಚೀಟಿ ಚಿಕ್ಕದಾಗಿತ್ತು. ಗೋಂದು ಒಣಗಿದ ಮೇಲೆ ಅದರ ಅಂಚು ಮುದುರಿ, ಅಡಿಯಿಂದ 'ನೀಲ' ಎಂಬ ಎರಡು ಅಕ್ಷರ ಇಣುಕತೊಡಗಿದವು.

ಮನೆಯಲ್ಲಿ ಹೇಳಬಾರದಿತ್ತು. ಆದರೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾತಿ ನನ್ನದಲ್ಲ. ರಮೇಶ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿ ಕೆಲಸ ಜಾಸ್ತಿ ಮಾಡುತ್ತಿದ್ದ. ಅಕ್ಕಪಕ್ಕದವರು ನೋಡುತ್ತಿದ್ದರೂ ನಲ್ಲಿಯ ಹತ್ತಿರ ಕೂತು ನನ್ನ ತಟ್ಟೆ ತಾನೇ ತೊಳೆಯುತ್ತಿದ್ದ. ಆ ಕಾಯಿಲೆಯಲ್ಲಿ ನನಗೆ ಸಿಕ್ಕ ದೊಡ್ಡ ಔಷಧ ಅದು. ಅತ್ತೆಯ ಮುಖ ಮಾತ್ರ ಬಿಳಿಚಿಕೊಂಡಿತು.

"ಸತ್ತೋರ ಪಾಲು ತಿಂದ್ರೆ ಅರಗಾಕಿಲ್ಲ ಕಣಮ್ಮಿ" ಅಂದರು. ಅವರು ಕುಣಿಗಲ್ ಕಡೆಯವರು. "ಅರ್ಧಕ್ಕೆ ಬಿಟ್ಟೋದೋರು ಅದುಕ್ಕೇ ಸುತ್ತಾಡ್ತಿರ್ತಾರೆ."

"ಮಾತ್ರೆ ಅತ್ತೆ ಅದು, ಒಬ್ಬಟ್ಟಲ್ಲ" ಎಂದು ನಾನು ನಕ್ಕೆ. ನಗು ಕೆಮ್ಮಾಯಿತು.

ಅವತ್ತಿನಿಂದ ನೀಲವ್ವ ನನ್ನ ಜೊತೆ ಬಂದುಬಿಟ್ಟಳು. ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ದಿನ ಬಿಟ್ಟು ದಿನ ಕೇಂದ್ರಕ್ಕೆ ಹೋಗಿ ಸಿಸ್ಟರ್ ಎದುರಿಗೇ ಮಾತ್ರೆ ನುಂಗಬೇಕಿತ್ತು. ಆ ಕೆಂಪು ಮಾತ್ರೆಗೆ ಮೂತ್ರ ಕೆಂಪಗೆ ಹೋಗುತ್ತದೆ. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರೂ, ಅದು ನನ್ನ ಮೈಯಿಂದ ಹೋಗುತ್ತಿರುವುದಲ್ಲ, ಅವಳ ಮೈಯಿಂದ ಎಂದು ಅನ್ನಿಸುತ್ತಿತ್ತು. ಒಂದು ದಿನ ಸಿಸ್ಟರ್ ಯಾರೊಂದಿಗೋ ಮಾತಾಡುತ್ತಾ, ಡಬ್ಬಿ ಎಳೆದು, ಹಳೆಯ ಅಭ್ಯಾಸದಲ್ಲಿ "ನೀಲವ್ವ!" ಎಂದು ಕೂಗಿದರು. ಬೆಂಚಿನ ಮೇಲಿದ್ದ ನಾನು "ಬಂದೆ" ಎಂದು ಎದ್ದು ನಿಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನಾನು ಹೋಗಿ ಮಾತ್ರೆ ನುಂಗಿದೆ.

ಇನ್ನೊಂದು, ಆ ಕೆಮ್ಮು. ನಮ್ಮ ವಠಾರದ ಹಿಂದೆ ಎದೆಯುದ್ದದ ಇಟ್ಟಿಗೆ ಗೋಡೆ. ಅದರಾಚೆ ಯಾವುದೋ ಕಾರ್ಖಾನೆಯ ಹೊಸ ಕಟ್ಟಡ ಏಳುತ್ತಿತ್ತು. ಬೆಳಿಗ್ಗೆ ನೀರು ಬಿಟ್ಟಾಗ ನಾನು ಹಿತ್ತಲ ನಲ್ಲಿಗೆ ಹೋಗಿ, ಬಿಂದಿಗೆ ಇಟ್ಟು, ಕೆಮ್ಮುತ್ತಿದ್ದೆ. ನಾನು ನಿಲ್ಲಿಸಿದ ಕೂಡಲೇ ಗೋಡೆಯಾಚೆ ಒಂದು ಕೆಮ್ಮು ಏಳುತ್ತಿತ್ತು. ಬಾಯಿಗೆ ಬಟ್ಟೆ ತುರುಕಿಕೊಂಡು ಕೆಮ್ಮಿದಂಥ ದನಿ. ಬಗ್ಗಿ ನೋಡಿದರೆ ಸಿಮೆಂಟ್ ಚೀಲಗಳು, ಕಬ್ಬಿಣದ ಸರಳುಗಳು, ತಗಡಿನ ಶೆಡ್ಡುಗಳ ಹಿಂಬದಿ. ಯಾರೂ ಇರುತ್ತಿರಲಿಲ್ಲ. ಆಚೆ ಬೀದಿಯ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸು ನೆಲ ನಡುಗಿಸಿ ಬಡಿಯತೊಡಗಿದ ಮೇಲೆ ಅದೂ ಕೇಳಿಸುತ್ತಿರಲಿಲ್ಲ. ರಮೇಶನಿಗೆ ಹೇಳಿದೆ. "ಗೋಡೆಗೆ ಬಡಿದು ನಿನ್ ಕೆಮ್ಮೇ ವಾಪಸ್ ಬರುತ್ತೆ ಕಣೇ" ಅಂದ. ಇರಬಹುದು ಎಂದುಕೊಂಡೆ. ಆದರೆ ನನ್ನ ಕೆಮ್ಮು ಕಡಿಮೆಯಾಗುತ್ತಾ ಬಂದರೂ ಅದು ಕಡಿಮೆಯಾಗಲಿಲ್ಲ.

ಚಿಕಿತ್ಸೆಯ ಮೊದಲ ಹಂತ ಮುಗಿಯಿತು. ಕಫ ಶುದ್ಧವಾಗಿದೆ ಎಂದು ಬಂತು. ಸ್ಟಾಕೂ ಬಂದು ಸಿಸ್ಟರ್ ಡಬ್ಬಿ ತುಂಬಿದರು. ಇನ್ನು ವಾರಕ್ಕೊಮ್ಮೆ ಹೋಗಿ ಒಂದು ಸಲದ್ದನ್ನು ಅಲ್ಲೇ ನುಂಗಿ, ಉಳಿದವನ್ನು ಮನೆಗೆ ತಂದು ತೆಗೆದುಕೊಂಡು, ಮಾತ್ರೆ ಬಿಡಿಸಿದ ಖಾಲಿ ಪಟ್ಟಿಯನ್ನು ವಾಪಸು ತೋರಿಸಬೇಕು. ಮಾತ್ರೆ ಕಂಡರೆ ನನಗೆ ಓಕರಿಕೆ ಬರುತ್ತಿತ್ತು. ಅತ್ತೆ ತಾವೇ ಪಟ್ಟಿ ಬಿಡಿಸಿ, ಮಾತ್ರೆಗಳನ್ನು ಪುಟ್ಟ ತಟ್ಟೆಯಲ್ಲಿಟ್ಟು, ಹಾಲಿನ ಜೊತೆ ತಂದುಕೊಡತೊಡಗಿದರು. ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನನ್ನ ಕಾಲ ಇಷ್ಟು ಬೇಗ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಸಂಜೆಯ ಜ್ವರ ಮತ್ತೆ ಬಂತು. ಕೆಮ್ಮು ಮರಳಿತು, ಸೀರೆ ಸೊಂಟದಲ್ಲಿ ಸಡಿಲವಾಯಿತು. ನೀಲವ್ವನಿಗೂ ಹೀಗೇ ಶುರುವಾಗಿ ಹೀಗೇ ಮುಗಿದಿರಬೇಕು, ಅವಳ ದಾರಿಯಲ್ಲೇ ಹೋಗುತ್ತಿದ್ದೇನೆ ಎಂದು ಖಾತ್ರಿಯಾಯಿತು. ಕನ್ನಡಿ ನೋಡುವುದನ್ನೇ ಬಿಟ್ಟೆ.

ಸಿಸ್ಟರ್ ನನ್ನ ಖಾಲಿ ಪಟ್ಟಿಗಳನ್ನು ತಿರುಗಿಸಿ ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ಮನೇಲಿ ಮಾತ್ರೆ ತಗೊಂಡ ದಿನ ಕೆಂಪಗೆ ಹೋಗುತ್ತಾ?" ಎಂದು ಕೇಳಿದರು.

ಯೋಚಿಸಿದೆ. "ಇಲ್ಲ ಸಿಸ್ಟರ್. ಇಲ್ಲಿ ತಗೊಂಡ ದಿನ ಮಾತ್ರ."

"ಹಾಗಾದ್ರೆ ಕೆಂಪು ಮಾತ್ರೆ ನಿನ್ ಹೊಟ್ಟೆಗೆ ಹೋಗ್ತಿಲ್ಲ. ಮನೇಲಿ ಮಾತ್ರೆ ಬಿಡಿಸಿ ಕೊಡೋರು ಯಾರು?"

ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು. ಕೇಳಿದಾಗ ಅತ್ತೆ ಸುಳ್ಳು ಹೇಳಲಿಲ್ಲ. ಹಿತ್ತಲ ಗೋಡೆಯ ಮೇಲೆ ದಿನಾ ಕಾಗೆಗೆ ಒಂದು ತುತ್ತು ಅನ್ನ ಇಡುವುದು ಅವರ ರೂಢಿ. ಮಾತ್ರೆಯ ದಿನ ಆ ತುತ್ತಿನ ಪಕ್ಕದಲ್ಲಿ ಕೆಂಪು ಮಾತ್ರೆಯನ್ನೂ ಇಡುತ್ತಿದ್ದರು. ಎಡೆಯಿಟ್ಟ ಹಾಗೆ.

"ಅವ್ಳ ಪಾಲು ಅವ್ಳಿಗೆ ಕೊಟ್ರೆ ನಿನ್ ತಂಟೆಗೆ ಬರಾಕಿಲ್ಲ ಅಂತ. ರಕ್ತದ ಬಣ್ಣದ್ದು ಅಂತ ಅದ್ನೇ ಕೊಟ್ಟೆ. ಒಂದಿನಾನೂ ಉಳಿದಿಲ್ಲ ಕಣೇ ಮಂಜಿ. ಸಂಜೆ ವೊತ್ತಿಗೆ ಹೋಗಿ ನೋಡಿದ್ರೆ ಅನ್ನಾನೂ ಇರಾಕಿಲ್ಲ, ಮಾತ್ರೇನೂ ಇರಾಕಿಲ್ಲ. ಬಂದು ತಗೊಂಡೋಗವ್ಳೆ."

"ಸತ್ತೋಳನ್ನ ಸಾಕೋಕೆ ಇರೋಳನ್ನ ಕೊಲ್ತಿದ್ರಾ?" ಎಂದು, ಕ್ಷಯದ ಹೆಸರನ್ನೂ ಎತ್ತಿ, ವಠಾರಕ್ಕೆಲ್ಲ ಕೇಳುವಂತೆ ಕಿರುಚಿದೆ. ಕಾಯಿಲೆಯನ್ನು ಮುಚ್ಚಿಡಲು ಟೈಫಾಯಿಡ್ ಎಂದು ಹೇಳಿಕೊಂಡು ಬಂದದ್ದೆಲ್ಲ ಆ ಒಂದು ಕೂಗಿಗೆ ಬಯಲಾಯಿತು. ಅತ್ತೆ ನೆಲದ ಮೇಲೆ ಕುಸಿದು ಕೂತು, "ನೀನು ಉಳ್ಕಳ್ಲಿ ಅಂತ ಕಣವ್ವ, ನೀನು ಉಳ್ಕಳ್ಲಿ ಅಂತ" ಎಂದು ಅದನ್ನೇ ಹೇಳುತ್ತಾ ಅತ್ತರು. ರಮೇಶ ಬಾಗಿಲಲ್ಲಿ ನಿಂತಿದ್ದ. ಅವತ್ತಿನಿಂದ ಮಾತ್ರೆಯನ್ನು ನಾನೇ ಬಿಡಿಸಿಕೊಂಡೆ. ಸಿಸ್ಟರ್ ಮತ್ತೆ ಕಫ ಕಳಿಸಿದರು. ಕಾಯಿಲೆ ಹಟ ಹಿಡಿದಿಲ್ಲ, ಆದರೆ ಇನ್ನಷ್ಟು ದಿನ ನುಂಗಬೇಕು ಎಂದರು. ಗೋಡೆಯ ಮೇಲೆ ಮಾತ್ರೆ ಇಡುವುದು ನಿಂತಿತು.

ರಾತ್ರಿ ಮಲಗಿದರೆ ಒಂದೇ ಪ್ರಶ್ನೆ. ಕಾಗೆ ಅನ್ನ ತಿನ್ನುತ್ತದೆ, ಸರಿ. ಕಾಗೆ ಮಾತ್ರೆ ತಿನ್ನುತ್ತದೆಯೇ?

ಕೆಲವು ದಿನಗಳ ಮೇಲೆ, ಒಳ್ಳೆಯ ಮಟಮಟ ಮಧ್ಯಾಹ್ನ, ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದರು. ಅಂದು ಕಾರ್ಖಾನೆಗಳಿಗೆ ಕರೆಂಟಿರಲಿಲ್ಲ. ಪ್ರೆಸ್ಸು ನಿಂತು, ಇಡೀ ಬೀದಿ ಉಸಿರು ಹಿಡಿದಿತ್ತು. ಗೋಡೆಯಾಚೆಯಿಂದ ಅದೇ ಕೆಮ್ಮು. ಈ ಸಲ ಹತ್ತಿರ, ಗೋಡೆಗೆ ಒರಗಿದಷ್ಟು ಹತ್ತಿರ. ಆಮೇಲೆ ಗೋಡೆಯ ಮೇಲೆ, ಅತ್ತೆ ಅನ್ನ ಇಡುವ ಜಾಗದಲ್ಲೇ, ಒಂದು ಕೈ ಬಂತು. ಒಣಗಿದ ಕೈ, ಹಸಿರು ಬಳೆ ಮೊಣಕೈವರೆಗೆ ಜಾರಿತ್ತು. ಕೈ ಆ ಇಟ್ಟಿಗೆಯನ್ನು ತಡಕಾಡಿತು. ಅದರ ಹಿಂದೆ ಸೆರಗು ಹೊದ್ದ ಒಂದು ತಲೆ ಎದ್ದಿತು.

"ಅಕ್ಕಾರ," ಎಂದಿತು ಆ ಮುಖ, "ಇಲ್ಲಿ ಗುಳಿಗಿ ಇಡೂದ್ ಯಾಕ ಬಿಟ್ರಿ?"

"ಯಾರು ನೀನು?" ಎಂದೆ.

"ನೀಲವ್ವ ರೀ."

ಅತ್ತೆಯ ಮಡಿಲಿಂದ ಅವರೆಕಾಳೆಲ್ಲ ಚೆಲ್ಲಿತು. ಅವರು ಕೂಗಲಿಲ್ಲ, ಓಡಲಿಲ್ಲ. ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಕಾಲು ನೋಡು ಮಂಜಿ. ಗ್ವಾಡೆ ಮೇಲಿಂದ ಬಗ್ಗಿ ಕಾಲು ನೋಡು." ನಾನು ಓದಿದವಳು, ಹತ್ತನೆಯ ಕ್ಲಾಸು ಪಾಸು. ಆದರೂ ಬಗ್ಗಿ ಕಾಲು ನೋಡಿದೆ. ಎರಡೂ ಪಾದ ಮುಂದಕ್ಕೇ ಇದ್ದವು. ಬರಿಗಾಲು, ಸಿಮೆಂಟು ಮೆತ್ತಿ ಬಿರುಕು ಬಿಟ್ಟಿದ್ದವು. ಅವಳ ಕೈ ಮುಟ್ಟಿದೆ. ಸುಡುತ್ತಿತ್ತು.

ಗೋಡೆಯ ಆಚೆಗೊಬ್ಬಳು ಈಚೆಗಿಬ್ಬರು ನಿಂತುಕೊಂಡೇ ಅವಳು ಹೇಳಿದಳು. ಕ್ಷಯ ಎಂದು ಗೊತ್ತಾದರೆ ಮೇಸ್ತ್ರಿ ಶೆಡ್ಡಿನಿಂದ ಹೊರಗೆ ಹಾಕುತ್ತಾನೆ ಎಂದು ಗಂಡ ಹೆದರಿದ್ದ. ಆಸ್ಪತ್ರೆಯವರು ಹುಡುಕಿಕೊಂಡು ಬಂದಾಗ ಸತ್ತಳು ಎಂದು ಅತ್ತುಬಿಟ್ಟ. ಅಲ್ಲಿಂದ ಗಂಟುಮೂಟೆ ಕಟ್ಟಿ ಈ ಕಟ್ಟಡಕ್ಕೆ ಬಂದರು. ಅವರೂರಿನ ಯಾರೋ ಆ ಅಳು ಕೇಳಿಸಿಕೊಂಡಿದ್ದರು, ಸುದ್ದಿ ಊರಿಗೂ ಮುಟ್ಟಿತು. ಗಂಡ ಅದನ್ನು ತಿದ್ದಲಿಲ್ಲ.

"ನನ್ನ ಹೆಸರು ಹೊಡದ ಹಾಕ್ಯಾರ, ಇನ್ನ ಹೋದ್ರ ಗುಳಿಗಿ ಕೊಡೂದಿಲ್ಲ ಅಂದ ರೀ. ಒಂದಿನ ಈ ಗ್ವಾಡಿ ಮ್ಯಾಲ ಕಾಗಿ ಅನ್ನಾ ತಿಂತಿತ್ತು. ಬಾಜೂಕ ಕೆಂಪ ಗುಳಿಗಿ ಬಿದ್ದಿತ್ತು. ಗುರ್ತ ಹತ್ತಿತು. ಯಾರೋ ನನ್ನ ಸಲುವಾಗೇ ಇಡಾಕತ್ಯಾರ ಅಂತ ತಿಳ್ಕೊಂಡೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ನಿನ್ ಸಲುವಾಗೇ ಇಟ್ಟಿದ್ದು ಕಣವ್ವ" ಎಂದರು ಕೊನೆಗೆ.

ಮರುದಿನ ನಾನೂ ಅತ್ತೆಯೂ ಅವಳನ್ನು ಕರೆದುಕೊಂಡು ಹೋದಾಗ ಗಿರಿಜಾ ಸಿಸ್ಟರ್ ಮೇಜು ಹಿಡಿದುಕೊಂಡು ಎದ್ದರು. "ನಿನ್ ಗಂಡ ನನ್ನೆದುರೇ ಅತ್ತನಲ್ಲೇ!" ಎಂದರು. ಆಮೇಲೆ ಇಬ್ಬರಿಗೂ ಸರಿಯಾಗಿ ಬೈದರು. ಬಿಡಿಬಿಡಿ ಮಾತ್ರೆ ನುಂಗಿ ಕಾಯಿಲೆಗೆ ಗೊಬ್ಬರ ಹಾಕಿದ್ದೀಯ ಎಂದು ಅವಳಿಗೆ, ಇಬ್ಬರನ್ನೂ ಒಟ್ಟಿಗೆ ಮುಗಿಸುತ್ತಿದ್ದಿರಿ ಎಂದು ಅತ್ತೆಗೆ. ನೀಲವ್ವ ಮೊದಲಿಂದ ಶುರು ಮಾಡಬೇಕು, ಈ ಸಲ ಇಂಜೆಕ್ಷನ್ ಕೂಡ, ಇನ್ನೂ ಉದ್ದ. ಹೊಸ ಡಬ್ಬಿ ಸ್ಟೋರ್‌ನಿಂದ ಬರಬೇಕಿತ್ತು. ಮತ್ತೆ ಅದೇ ಬೆಂಚು, ಅದೇ "ಸ್ಟಾಕ್ ಬಂದಿಲ್ಲ". ನೀಲವ್ವ ರ‍್ಯಾಕಿನಲ್ಲಿದ್ದ ನನ್ನ ಡಬ್ಬಿಯನ್ನೂ ಮುದುರಿದ ಚೀಟಿಯನ್ನೂ ನೋಡುತ್ತಾ ಕೂತಳು. ಕೊಡಿ ಎಂದು ಕೇಳಲಿಲ್ಲ. ಆ ಕೇಳದೇ ಇದ್ದದ್ದೇ ನನ್ನನ್ನು ಹೆಚ್ಚು ಹಿಂಸಿಸಿತು. ಡಬ್ಬಿ ಬರುವವರೆಗೆ ನಾನು ಒಂದೊಂದು ಮಾತ್ರೆ ನುಂಗುವಾಗಲೂ ಅವಳ ಎದುರಿಗೇ ನುಂಗಿದ ಹಾಗಿತ್ತು.

ಡಬ್ಬಿ ಬಂದ ದಿನ ಸಿಸ್ಟರ್ ದಪ್ಪ ಅಕ್ಷರದಲ್ಲಿ ಹೆಸರು ಬರೆದರು. ಇಂಜೆಕ್ಷನ್ನಿನ ದಿನಗಳು ಮುಗಿಯುವವರೆಗೆ ಅವಳು ಕೇಂದ್ರಕ್ಕೇ ಬರಬೇಕು. ಆಮೇಲಿನ ಮಾತ್ರೆಗೆ ಅವಳ ಶೆಡ್ಡಿನ ಹತ್ತಿರ ನಂಬಿಕೆಯವರು ಯಾರಾದರೂ ಡಬ್ಬಿ ಇಟ್ಟುಕೊಂಡು, ಕಣ್ಣೆದುರು ನುಂಗಿಸಬೇಕು ಎಂದರು.

"ನಾನು ಇಟ್ಕತೀನಿ" ಎಂದರು ಅತ್ತೆ.

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಆಮೇಲೆ ತಲೆಯಾಡಿಸಿದೆ.

ಡಬ್ಬಿ ನಮ್ಮ ಮನೆಯಲ್ಲಿ ದೇವರ ಪಟಗಳ ಕೆಳಗಿನ ಗೂಡಿನಲ್ಲಿ ಕೂತಿತು. ಮಾತ್ರೆಯ ದಿನ ಅತ್ತೆ ಗೋಡೆಯ ಹತ್ತಿರ ಹೋಗಿ ಕೆಮ್ಮುತ್ತಿದ್ದರು, ಸುಳ್ಳು ಕೆಮ್ಮು. ಆಚೆಯಿಂದ ಕೈ ಬರುತ್ತಿತ್ತು. ನುಂಗಿದ ಮೇಲೆ "ಆ ಅನ್ನು" ಎಂದು ಬಾಯಿ ತೆರೆಸಿ, ನಾಲಗೆಯ ಅಡಿಯನ್ನೂ ನೋಡಿಯೇ ಬಿಡುತ್ತಿದ್ದರು. "ಸತ್ತ ಸುದ್ದಿ ಹಬ್ಬಿದೋರ ಆಯಸ್ಸು ಗಟ್ಟಿ ಕಣವ್ವ" ಎನ್ನುತ್ತಿದ್ದರು. ಕಾಗೆಗೆ ಈಗಲೂ ಅನ್ನ ಇಡುತ್ತಿದ್ದರು, ಅನ್ನ ಮಾತ್ರ. ಬೆಳಗಿನ ಆ ಕೆಮ್ಮು ದಿನದಿನಕ್ಕೆ ತೆಳ್ಳಗಾಗಿ, ಒಂದು ದಿನ ನಾನು ಬಿಂದಿಗೆ ಹಿಡಿದು ಕಾದು ನಿಂತರೂ ಬರಲಿಲ್ಲ. ಹೆದರಿ ಬಗ್ಗಿ ನೋಡಿದೆ. ಅವಳು ಬಚ್ಚಲ ಕಲ್ಲಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

ನನ್ನದು ಮೊದಲು ಮುಗಿಯಿತು. ಅವಳದು ಮುಗಿಯುವಷ್ಟರಲ್ಲಿ ಕಟ್ಟಡವೂ ಮುಗಿದು, ಶೆಡ್ಡುಗಳ ತಗಡು ಬಿಚ್ಚುತ್ತಿದ್ದರು. ಆ ದಿನ ಅವಳು ಗೋಡೆಯಾಚೆಯಿಂದ ಕೈ ಚಾಚಲಿಲ್ಲ. ಮೊದಲ ಸಲ ಬೀದಿ ಸುತ್ತಿ, ವಠಾರದ ಗೇಟಿನಿಂದ, ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು ಬಂದಳು. ಅತ್ತೆ ಅರಿಶಿನ ಕುಂಕುಮ ಕೊಟ್ಟರು. ಅವಳು ಗೂಡಿನ ಕಡೆ ಕೈ ತೋರಿಸಿದಳು.

"ಆ ಡಬ್ಬಿ ನನಗ ಕೊಡ್ರಿ."

"ಖಾಲಿ ಕಣೇ ಅದು" ಅಂದೆ. ನಾವೆಲ್ಲ ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಓಡಾಡಿದವರು. ಗುಣವಾದ ಮೇಲೆ ಯಾರಾದರೂ ಅದನ್ನು ಇಟ್ಟುಕೊಳ್ಳುತ್ತಾರೆಯೇ?

"ಊರಾಗ ನಮ್ಮವ್ವಗ ತೋರಸ್ತೀನಿ. ಇದರ ಮ್ಯಾಲ ನನ್ನ ಹೆಸರೈತಿ. ಸತ್ತೋರ ಹೆಸರೀಗೆ ಸರಕಾರ ಗುಳಿಗಿ ಕೊಡೂದಿಲ್ಲ ರೀ."

ಅತ್ತೆ ಡಬ್ಬಿಯ ಧೂಳು ಒರೆಸಿ ಕೊಟ್ಟರು. ಅವಳು ಅದನ್ನು ಚೀಲದೊಳಗೆ ಹಾಕಲಿಲ್ಲ. ಹೆಸರು ಹೊರಗೆ ಕಾಣುವ ಹಾಗೆ ಎದೆಗೆ ಹಿಡಿದುಕೊಂಡು, ಬಸ್ ಸ್ಟಾಪಿನ ಕಡೆ ನಡೆದಳು.